ಗೋಲ್‌ಕೀಪರನ ಕುಲಾವಿ

ಲಿವೋನಿಯಾ, ಮಿಷಿಗನ್
ಮಾರ್ಚ್ 2, 2024

ರೇಣು,

ಇಲ್ಲಿ ಎಲ್ಲವೂ ನೆಟ್ಟಗಿದೆ, ನನ್ನ ಎಡಮಂಡಿಯೊಂದನ್ನು ಬಿಟ್ಟು. ಇನ್ನೂ ಒಂದು ತಿಂಗಳು ಕಾರಿನಲ್ಲಿ ದೂರ ಹೋಗಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಡೆಟ್ರಾಯಿಟ್ ಪಕ್ಕದ ಈ ಲಿವೋನಿಯಾದಿಂದ ನಿಮ್ಮ ಲೊಂಬಾರ್ಡಿಗೆ ಹತ್ತಿರ ಹತ್ತಿರ ಮುನ್ನೂರು ಮೈಲಿ. ಹಾಗಾಗಿ ನಿನ್ನ ಮೊಮ್ಮಗಳ ನಾಮಕರಣಕ್ಕೆ ನಾನು ಬರುತ್ತಿಲ್ಲ. ಒಳಗೊಳಗೇ ಖುಷಿಪಡಬೇಡ, ನನಗೆ ಗೊತ್ತಾಗುತ್ತದೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನು ಹತ್ತಿರ ತಂದರೆ ನನ್ನ ಕಿವಿಯ ಮಷೀನು ಕುಕ್ಕರಿನ ಹಾಗೆ ಕೂಗುತ್ತದೆ. ಕಾಗದವೇ ವಾಸಿ. ಕಾಗದದಲ್ಲಿ ನೀನು ನಡುವೆ ಬಾಯಿ ಹಾಕುವಂತಿಲ್ಲ.

ಜೊತೆಗಿರುವ ಡಬ್ಬಿಯಲ್ಲಿ ಕುಲಾವಿ ಇದೆ. ತೊಟ್ಟಿಲಿಗೆ ಹಾಕುವ ದಿನ ಮಗುವಿನ ತಲೆಗೆ ಅತ್ತೆಯಾದವಳು ಕುಲಾವಿ ಇಡಬೇಕು ಎನ್ನುವುದು ನಮ್ಮ ಹರಿಹರದ ಮನೆಯ ಪದ್ಧತಿ. ನಿನ್ನ ಮಗ ನಂದನನಿಗೆ ಅಕ್ಕತಂಗಿಯರಿಲ್ಲ. ಆದ್ದರಿಂದ ಆ ಹಕ್ಕು ಅವನ ಸೋದರತ್ತೆಯಾದ ನನ್ನದೇ. ಕಡುಗೆಂಪು ಮಖಮಲ್ಲು, ಸುತ್ತ ಜರಿಯ ಅಂಚು, ನೆತ್ತಿಯಿಂದ ಇಳಿಬಿಟ್ಟ ಗೊಂಡೆ, ಮುಂದೆ ಒಂದು ನವಿಲು. ಇಂಥದ್ದು ಅಂಗಡಿಯಲ್ಲಿ ಸಿಗುವುದಿಲ್ಲ. ಹೇಳಿ ಮಾಡಿಸಿದ್ದು. ಎಲ್ಲಿ, ಯಾರ ಹತ್ತಿರ ಎಂದು ಕೇಳಬೇಡ.

ನಂದನನ ಹೆಂಡತಿ ಅನಿಕಾಗೆ ಹೇಳು, ಅದನ್ನು ವಾಷಿಂಗ್ ಮಷೀನಿಗೆ ಹಾಕಿದರೆ ನಾನು ಮಂಡಿ ಹಿಡಿದುಕೊಂಡೇ ಬಂದು ಬೈಯುತ್ತೇನೆ. ತಮ್ಮ ಪಂಚಾಕ್ಷರಿಗೆ ನನ್ನ ಆಶೀರ್ವಾದ, ಸಿಹಿ ಕಡಿಮೆ ತಿನ್ನಲಿ.

ಸರೋಜ

*

ಲೊಂಬಾರ್ಡ್, ಇಲಿನಾಯ್
ಮಾರ್ಚ್ 14, 2024

ಅತ್ತಿಗೆ,

ನಾಮಕರಣ ಚೆನ್ನಾಗಿ ಆಯಿತು. ಇಳಾ ಎಂದು ಹೆಸರಿಟ್ಟೆವು. ನಿಮ್ಮ ಕುಲಾವಿಯನ್ನು ನೋಡದವರಿಲ್ಲ, ಹೊಗಳದವರಿಲ್ಲ. ತಲೆಗೆ ಇಟ್ಟ ಕೂಡಲೇ ನಿಮ್ಮ ಮೊಮ್ಮಗಳು ಒಂದು ನಗು ನಕ್ಕಳು ನೋಡಿ, ಮನೆಯೆಲ್ಲ ತುಂಬಿಬಿಟ್ಟಿತು. ನಿಮ್ಮ ತಮ್ಮ ಹೋಳಿಗೆ ಎರಡೇ ತಿಂದರು, ನಾನು ನೋಡುತ್ತಿರುವಾಗ.

ನನ್ನ ಸ್ನೇಹಿತೆ ತಾಹೇರಾ ನೆನಪಿದ್ದಾಳಲ್ಲ, ರಾಣೇಬೆನ್ನೂರಿನವಳು, ಡೌನರ್ಸ್ ಗ್ರೋವ್‌ನ ವೃದ್ಧಾಶ್ರಮದಲ್ಲಿ ಹಿರಿಯರಿಗೆ ಆಟ, ಹಾಡು, ನಾಟಕ ಮಾಡಿಸುವವಳು? ಅವಳು ಕುಲಾವಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಏನ್ ಕೆಲಸ ರೀ ಇದು! ನಮ್ ಮಂದಿ ಅಂಗಡಿ ಇರೋ ಡೆವನ್ ಅವೆನ್ಯೂದಾಗೂ ಇಂಥಾ ಕೈ ಯಾರಿಗೂ ಇಲ್ಲ. ಯಾರ್ ಹೊಲದಾರ ಕೇಳಿ ಹೇಳ್ರಿ" ಎಂದಳು. ಅವಳ ಮೊಮ್ಮಗ ಅರ್ಹಾನನಿಗೆ ಈದ್ ಹಬ್ಬಕ್ಕೆ ಒಂದು ಟೋಪಿ ಮಾಡಿಸಬೇಕಂತೆ. ಕೇಳಬೇಡ ಎಂದಿದ್ದೀರಿ, ಆದರೂ ಕೇಳುತ್ತಿದ್ದೇನೆ. ಆ ದರ್ಜಿಯ ವಿಳಾಸ ಕಳಿಸುತ್ತೀರಾ?

ರೇಣು

*

ಲಿವೋನಿಯಾ
ಏಪ್ರಿಲ್ 6, 2024

ರೇಣು,

ದರ್ಜಿ ಊರು ಬಿಟ್ಟ. ಫ್ಲಾರಿಡಾ ಕಡೆ ಹೋದನಂತೆ. ತಾಹೇರಾಗೆ ಹೇಳು, ಅಷ್ಟು ಚೆನ್ನಾಗಿ ಹೊಲಿಯುವವರೆಲ್ಲ ಹೀಗೇ.

ನಿನ್ನ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇದೆ ಎಂದು ನನಗನ್ನಿಸಿತು. ಇಲ್ಲದಿದ್ದರೆ ಒಳ್ಳೆಯದು. ಮಂಡಿ ಪರವಾಗಿಲ್ಲ.

ಸರೋಜ

*

ಲೊಂಬಾರ್ಡ್
ಮೇ 11, 2024

ಅತ್ತಿಗೆ,

ಇದನ್ನು ಓದುವ ಮೊದಲು ಕಾಫಿ ಕುಡಿದು ಕೂತುಕೊಳ್ಳಿ.

ಅವತ್ತು ಇಳಾ ನಗಲಿಲ್ಲ. ಕುಲಾವಿ ಅವಳ ಮೂಗಿನವರೆಗೂ ಇಳಿದು, ಲೋಕವೇ ಕತ್ತಲಾಯಿತು ಎನ್ನುವಂತೆ ಕಿರುಚಿದಳು. ಅನಿಕಾ ತೆಗೆದಿಟ್ಟವಳು ಮತ್ತೆ ಮುಟ್ಟಲಿಲ್ಲ. ನಿಮಗೆ ಬೇಸರವಾದೀತು ಎಂದು ಬರೆಯಲಿಲ್ಲ. ಹೋದ ವಾರ ತಾಹೇರಾಳ ಆಶ್ರಮದಲ್ಲಿ ಒಂದು ಸಣ್ಣ ನಾಟಕ ಇತ್ತು. ರಾಜನ ಪಾತ್ರಕ್ಕೆ ಕಿರೀಟ ಬೇಕು ಎಂದಳು. ಒಂದು ದಿನಕ್ಕೆ ತಾನೇ ಎಂದು ನಿಮ್ಮ ಕುಲಾವಿಯನ್ನು ಕೊಟ್ಟೆ. ಬೈಯಿರಿ, ಆದರೆ ಮುಂದಿನದನ್ನು ಓದಿ ಬೈಯಿರಿ.

ರಾಜನ ಪಾತ್ರ ಮಾಡಬೇಕಾದವರು ಡಂಕನ್ ಎಂಬ ತೊಂಬತ್ತೊಂದರ ಮುದುಕರು. ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಶಿಕಾಗೋದಲ್ಲಿ ಹಲ್ಲಿನ ಡಾಕ್ಟರಾಗಿದ್ದವರು. ತಲೆಗೆ ಇಡಲು ಹೋದ ತಾಹೇರಾಳ ಕೈ ತಡೆದು, ಕುಲಾವಿಯನ್ನು ಕಸಿದುಕೊಂಡು ತೊಡೆಯ ಮೇಲಿಟ್ಟುಕೊಂಡು ಕೂತರಂತೆ. ನಾಟಕ ನಿಂತಿತು. ಆಮೇಲೆ ನಿಮ್ಮ ನವಿಲಿನ ಒಂದು ಕಾಲನ್ನು ಉಗುರಿನಿಂದ ಎತ್ತಿ, "ಇದರ ಕೆಳಗೆ ಏನಿದೆ ನೋಡಬಹುದಾ?" ಎಂದರು. ತಾಹೇರಾ ಹೊಲಿಗೆ ಬಿಚ್ಚಿದಳು. ನವಿಲಿನ ಕೆಳಗೆ ಬೆಳ್ಳಿ ದಾರದಲ್ಲಿ ಸ್ಕಾಟ್ಲೆಂಡಿನ ಗುರುತಾದ ಒಂದು ಮುಳ್ಳುಹೂ, ಅದರ ಕೆಳಗೆ 1908 ಎಂಬ ಇಸವಿ.

ತಾಹೇರಾ ಅಲ್ಲಿಂದಲೇ ಫೋನ್ ಮಾಡಿದಳು. "ಅಕ್ಕಾರ, ಇದು ಟೋಪಿ ಅಲ್ರೀ, ಮೆಡಲ್ ಐತ್ರೀ!"

ಆ ಕಾಲದಲ್ಲಿ ದೇಶದ ಪರವಾಗಿ, ಇಲ್ಲವೇ ಲೀಗಿನ ಆಯ್ದ ತಂಡದ ಪರವಾಗಿ ಫುಟ್‌ಬಾಲ್ ಆಡಿದವರಿಗೆ ಪದಕದ ಬದಲು ಇಂಥ ಮಖಮಲ್ಲಿನ ಟೋಪಿ ಕೊಡುತ್ತಿದ್ದರಂತೆ. ಇದು ಸ್ಕಾಟ್ಲೆಂಡಿನ ಲೀಗಿನ ಆಯ್ದ ತಂಡದ್ದು ಎಂದು ಡಂಕನ್ ಹೇಳುತ್ತಾರೆ. "ಇದನ್ನ ಅಂಗಡೀಲಿ ಕೊಳ್ಳೋಕಾಗಲ್ಲ. ಆಡಿ ಗಳಿಸಬೇಕು. ಯಾರದಮ್ಮ ಇದು?" ಎಂದು, ನಾನು ಅಲ್ಲಿಗೆ ಹೋದಾಗ, ನನ್ನನ್ನು ಕೇಳಿದರು. ನಮ್ಮ ಅತ್ತಿಗೆ ದರ್ಜಿಯ ಹತ್ತಿರ ಹೊಲಿಸಿದ್ದು ಎಂದು ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಅತ್ತಿಗೆ, ಫ್ಲಾರಿಡಾದ ದರ್ಜಿಯನ್ನು ಪಕ್ಕಕ್ಕಿಡೋಣ. ಇದು ಎಲ್ಲಿ ಸಿಕ್ಕಿತು?

ರೇಣು

*

ಲಿವೋನಿಯಾ
ಜೂನ್ 9, 2024

ರೇಣು,

ನಿನ್ನ ಕಾಗದ ಓದಿ ಎರಡು ವಾರ ನಾನು ನಿನ್ನೊಂದಿಗೆ ಮನಸ್ಸಿನಲ್ಲೇ ಜಗಳವಾಡಿದೆ. ನಾಮಕರಣದ ಕುಲಾವಿಯನ್ನು ನಾಟಕಕ್ಕೆ ಕೊಡುವುದೆಂದರೇನು! ಆಮೇಲೆ ಆ ಜಗಳದಲ್ಲಿ ನಾನೇ ಸೋತೆ.

ಹೇಳಿಬಿಡುತ್ತೇನೆ. ಅದು ಎಸ್ಟೇಟ್ ಸೇಲಿನಲ್ಲಿ ಸಿಕ್ಕಿದ್ದು. ಮನೆ ಖಾಲಿ ಮಾಡುವವರು ತಟ್ಟೆ ಲೋಟದಿಂದ ಹಿಡಿದು ಎಲ್ಲವನ್ನೂ ಹರಡಿ ಮಾರುತ್ತಾರಲ್ಲ, ಅಲ್ಲಿ. ನೀನು ಮಗುವನ್ನು ತಳ್ಳುವ ಹಳೆಯ ಸ್ಟ್ರೋಲರ್ ಕೊಂಡಾಗ "ಯಾರೋ ಬಳಸಿದ್ದು ನಮ್ಮ ಮಗುವಿಗಾ" ಎಂದು ಊರೆಲ್ಲ ಹೇಳಿಕೊಂಡು ಬಂದವಳು ನಾನೇ. ಹಾಗಾಗಿ ಬಾಯಿ ಬಿಡಲಿಲ್ಲ. ನಗು, ಪರವಾಗಿಲ್ಲ.

ನಮ್ಮ ರಸ್ತೆಯ ಕೊನೆಯ ಮನೆ. ಅಲ್ಲಿ ಒಂದು ದೊಡ್ಡ ಪಿಂಗಾಣಿ ಗೊಂಬೆಯ ತಲೆಯ ಮೇಲೆ ಇದು ಕೂತಿತ್ತು. ಇಷ್ಟು ಚಿಕ್ಕದು, ಇಷ್ಟು ಜರಿ, ಗೊಂಡೆ ಬೇರೆ. ನೋಡಿದ ತಕ್ಷಣ ಕುಲಾವಿ ಎಂದುಕೊಂಡೆ. ಹರಿಹರದಲ್ಲಿ ಹುಟ್ಟಿದವಳು ಇನ್ನೇನು ಅಂದುಕೊಳ್ಳಲಿ? 1908 ಎಂದಿದ್ದುದು ಕಂಪನಿಯ ನಂಬರ್ ಇರಬೇಕೆಂದು ನನ್ನ ಹಳೆಯ ರವಿಕೆಯ ನವಿಲನ್ನು ಕತ್ತರಿಸಿ ಮೇಲೆ ಹೊಲಿದೆ.

ನಿನ್ನ ಕಾಗದ ಬಂದ ಮೇಲೆ ಆ ಮನೆಗೆ ಹೋದೆ. ಒಬ್ಬರು ಗೋಡೆಗೆ ಬಣ್ಣ ಬಳಿಯುತ್ತಿದ್ದರು. ಮನೆ ಅವರ ಚಿಕ್ಕಮ್ಮನದು, ಜೀನ್ ರೀಡ್ ಎಂದು ಹೆಸರು, ಎಂಬತ್ತೆಂಟು ವರ್ಷ, ಈಗ ಡಿಯರ್‌ಬಾರ್ನ್‌ನಲ್ಲಿ ಹಿರಿಯರ ಅಪಾರ್ಟ್‌ಮೆಂಟಿನಲ್ಲಿದ್ದಾರೆ. ವಿಳಾಸ ತೆಗೆದುಕೊಂಡು ಹೋದೆ. ಇನ್ಶೂರೆನ್ಸ್ ಮಾರುವವಳು ಎಂದುಕೊಂಡು ಮೊದಲು ಬಾಗಿಲೇ ತೆಗೆಯಲಿಲ್ಲ. ಕಿಟಕಿಯ ಹತ್ತಿರ ನಿಂತು ಗೊಂಬೆ, ಟೋಪಿ, 1908 ಎಂದು ಕೂಗಿದೆ. ಬಾಗಿಲು ತೆರೆಯಿತು.

ರೇಣು, ಆ ಹೆಂಗಸು ನನ್ನ ತೋಳು ಹಿಡಿದು ಒಳಕ್ಕೆ ಎಳೆದುಕೊಂಡಳು. "1908?" ಎಂದು ಎರಡು ಸಲ ಕೇಳಿದಳು. ಆಮೇಲೆ ಅವಳ ತಾತನ ಕಥೆ ಹೇಳಿದಳು.

ತಾತನ ಹೆಸರು ಆರ್ಚಿ ರೀಡ್. ಸ್ಕಾಟ್ಲೆಂಡಿನ ಗ್ಲೆನ್‌ಬಾರ್ ಎಂಬ ಕಲ್ಲಿದ್ದಲ ಊರಿನವನು. ಹುಡುಗನಾಗಿದ್ದಾಗಲೇ ಗಣಿಗೆ ಇಳಿದವನನ್ನು ಊರಿನ ಕ್ಲಬ್ಬು ಗೋಲ್‌ಕೀಪರ್ ಮಾಡಿ ಸಂಬಳ ಕೊಟ್ಟು ಮೇಲಕ್ಕೆ ಎತ್ತಿತು. ಆಗಿನ ನಿಯಮದಲ್ಲಿ ಗೋಲ್‌ಕೀಪರ್ ತನ್ನ ಅರ್ಧ ಮೈದಾನದಲ್ಲಿ ಎಲ್ಲಿ ಬೇಕಾದರೂ ಚೆಂಡನ್ನು ಕೈಯಲ್ಲಿ ಮುಟ್ಟಬಹುದಿತ್ತಂತೆ. ಇವನು ಚೆಂಡನ್ನು ನೆಲಕ್ಕೆ ಪುಟಿಸುತ್ತಾ ಪುಟಿಸುತ್ತಾ ನಡುಗೆರೆಯವರೆಗೆ ಓಡಿ ಅಲ್ಲಿಂದ ಒದೆಯುತ್ತಿದ್ದ. ಒಮ್ಮೆ ಹಾಗೆ ಗೋಲನ್ನೇ ಹೊಡೆದ. ಜನ ಅವನನ್ನು ನೋಡಲೆಂದೇ ಬರುತ್ತಿದ್ದರು. 1912ರಲ್ಲಿ ನಿಯಮ ಬದಲಾಯಿತು. ಗೋಲಿನ ಮುಂದಿನ ಚೌಕ ದಾಟಿದರೆ ಕೈ ತಾಗಿಸುವಂತಿಲ್ಲ. ಅವನ ವಿದ್ಯೆಯೇ ಹೋಯಿತು. ಕ್ಲಬ್ಬು ಅವನನ್ನು ಆಡಿಸಲೂ ಇಲ್ಲ, ಬೇರೆ ಕಡೆ ಹೋಗಲು ಬಿಡಲೂ ಇಲ್ಲ. ರೋಸಿಹೋಗಿ ಹಡಗು ಹತ್ತಿ ಡೆಟ್ರಾಯಿಟಿಗೆ ಬಂದ. ಕಾರಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾ ಕಾರ್ಖಾನೆಯ ತಂಡಕ್ಕೆ ಆಡಿದ, ಇಲ್ಲಿನ ಹುಡುಗರಿಗೆ ಕಲಿಸಿದ. ಹಿಮ ಬೀಳುತ್ತಿದ್ದ ಒಂದು ದಿನ ನಿಮ್ಮ ಶಿಕಾಗೋಗೇ ಬಂದು ಫೈನಲ್‌ನಲ್ಲಿ ಪೆನಾಲ್ಟಿ ತಡೆದು ಕಪ್ ಗೆದ್ದ.

ಈಗ ಮುಖ್ಯವಾದ ಮಾತು. ಆ ಕಾರ್ಖಾನೆಯ ಮೈದಾನವಿದ್ದ ಜಾಗದಲ್ಲಿ ಈಗ ಪಾರ್ಕು ಇದೆ. ಅಲ್ಲಿ ಒಂದು ಕಲ್ಲಿನ ಗೋಡೆ ಕಟ್ಟುತ್ತಿದ್ದಾರೆ. ಸ್ಕಾಟ್ಲೆಂಡಿನಿಂದ ವೃತ್ತಿಪರ ಆಟಗಾರರಾಗಿ ಬಂದು ಈ ಊರಿಗೆ ಆಟ ಕಲಿಸಿದವರ ಹೆಸರುಗಳನ್ನು ಅದರಲ್ಲಿ ಕೆತ್ತುತ್ತಾರೆ. ಆರ್ಚಿಯ ಹೆಸರು ಬೇಕು ಎಂದು ಜೀನ್ ಕೇಳುತ್ತಲೇ ಇದ್ದಾಳೆ. ಸಮಿತಿಯವರು ಸ್ಕಾಟ್ಲೆಂಡಿನ ದಾಖಲೆಯಲ್ಲಿ ಆರ್ಚಿ ರೀಡ್ ಎಂಬ ವೃತ್ತಿಪರ ಆಟಗಾರನೇ ಇಲ್ಲ ಎನ್ನುತ್ತಾರೆ. ಆಗಸ್ಟ್ ಒಂದರಂದು ಹೆಸರುಗಳು ಕಲ್ಲುಕೆತ್ತುವವನ ಕೈಗೆ ಹೋಗುತ್ತವೆ, ಆಮೇಲೆ ಬದಲಾವಣೆ ಇಲ್ಲ.

ಅವಳ ಅಪ್ಪನ ಕಾಲದಿಂದಲೂ ಸಂಬಂಧಿಕರೆಲ್ಲ ತಾತನನ್ನು ಬುರುಡೆ ಆರ್ಚಿ ಎಂದೇ ಕರೆದರಂತೆ. "ಟೋಪಿ ಕೊಟ್ಟಿದ್ರು ಅಂತ ತಾತ ಹೇಳ್ತಿದ್ದ. ಎಲ್ಲಿ ಅಂದ್ರೆ, ಮನೇಲೇ ಎಲ್ಲೋ ಇದೆ ಅಂತಿದ್ದ. ನಾವು ನಗ್ತಿದ್ವಿ" ಎಂದಳು ಜೀನ್. ಅವಳ ಅಮ್ಮ ಅದನ್ನು ಗೊಂಬೆಯ ಟೋಪಿ ಎಂದುಕೊಂಡಿದ್ದಳು. ಜೀನ್ ಹುಟ್ಟಿದಾಗಿನಿಂದ ಗೊಂಬೆಯ ತಲೆಯ ಮೇಲೇ ನೋಡಿದವಳು, ಇಸವಿಯ ಭಾಗ ಹಿಂದಕ್ಕೆ ತಿರುಗಿದ್ದರಿಂದ ಅದನ್ನು ಯಾರೂ ಓದಿರಲಿಲ್ಲ. ಎರಡು ಮನೆಯವರೂ ಒಂದೇ ತಪ್ಪು ಮಾಡಿದ್ದೇವೆ ನೋಡು.

ಟೋಪಿಯನ್ನು ಜೋಪಾನವಾಗಿ ಕಟ್ಟಿ ಜೀನ್ ವಿಳಾಸಕ್ಕೆ ಕಳಿಸು. ಅದರ ಫೋಟೋ ತೆಗೆದು ಸ್ಕಾಟ್ಲೆಂಡಿನವರಿಗೂ ಕಳಿಸಲು ನಂದನನಿಗೆ ಹೇಳು. ಗೋಡೆಯ ಮೇಲೆ ಆ ಹೆಸರು ಬರಲೇಬೇಕು. ನನಗೆ ಮಂಡಿಯ ನೋವು ಮರೆತೇ ಹೋಗಿದೆ.

ಸರೋಜ

*

ಲೊಂಬಾರ್ಡ್
ಜುಲೈ 5, 2024

ಅತ್ತಿಗೆ,

ಒಳ್ಳೆಯ ಸುದ್ದಿ ಬರೆಯಬೇಕೆಂದು ಕಾದೆ, ಬರಲಿಲ್ಲ.

ಅಲ್ಲಿನ ಫುಟ್‌ಬಾಲ್ ಸಂಗ್ರಹಾಲಯಕ್ಕೆ ನಂದನ್ ಬರೆದ. ಟೋಪಿ ನಿಜವಾದದ್ದೇ ಎಂದು ಉತ್ತರ ಬಂತು. ಜೊತೆಗೆ 1908ರ ಆ ಆಯ್ದ ತಂಡದ ಫೋಟೋ ಕಳಿಸಿದರು, ಕೆಳಗೆ ಎಲ್ಲರ ಹೆಸರಿನ ಮೊದಲಕ್ಷರ, ಮನೆತನದ ಹೆಸರು. ಅದರಲ್ಲಿ ರೀಡ್ ಇಲ್ಲ.

ಹೆಸರು ತಪ್ಪಾಗಿ ಬರೆದಿರಬಹುದು, ಮೊದಲು ಗೋಲ್‌ಕೀಪರನನ್ನು ಹುಡುಕೋಣ ಎಂದ ನಂದನ್. ಅಂಗಿಯ ಬಣ್ಣ ಬೇರೆ ಇದ್ದವನೇ ಗೋಲ್‌ಕೀಪರ್ ಎಂದು ಈಗಿನ ಮಕ್ಕಳಿಗೂ ಗೊತ್ತಲ್ಲ. ಎಲ್ಲರೂ ಒಂದೇ ಅಂಗಿಯಲ್ಲಿ ಕೂತಿದ್ದರು, ಪಕ್ಕದಲ್ಲಿ ಕಪ್ಪು ಸ್ವೆಟರಿನ ಒಬ್ಬ ದಪ್ಪ ಮೀಸೆಯವನು ನಿಂತಿದ್ದ. ಇವನೇ ಎಂದು ಕುಣಿದಾಡಿದೆವು. ಆ ಮುಖವನ್ನು ದೊಡ್ಡದು ಮಾಡಿಸಿ ಜೀನ್‌ಗೆ ಅಂಚೆಯಲ್ಲಿ ಕಳಿಸಿದೆ. "ಇವರು ನನ್ನ ತಾತ ಅಲ್ಲ" ಎಂದು ಒಂದೇ ಸಾಲಿನ ಉತ್ತರ ಬರೆದರು. ಅವನು ತಂಡದವರಿಗೆ ಕಾಲು ತಿಕ್ಕಿ, ಟವೆಲ್ ಕೊಡುತ್ತಿದ್ದ ಸಹಾಯಕ ಎಂದು ಸಂಗ್ರಹಾಲಯದವರು ಹೇಳಿದರು.

ಬೇಜಾರು ಮಾಡಿಕೊಳ್ಳಬೇಡಿ, ಒಂದು ಮಾತು. ತಾತ ಆ ಟೋಪಿಯನ್ನು ಯಾರಿಂದಲಾದರೂ ತೆಗೆದುಕೊಂಡಿರಬಹುದಲ್ಲವೇ? ಮುದುಕರು ಮೊಮ್ಮಕ್ಕಳಿಗೆ ಏನೇನೋ ಹೇಳುತ್ತಾರೆ. ಜೀನ್‌ರನ್ನು ಅದಕ್ಕೆ ತಯಾರು ಮಾಡುವುದು ಒಳ್ಳೆಯದು ಎಂದು ನಿಮ್ಮ ತಮ್ಮನೂ ಹೇಳುತ್ತಿದ್ದಾರೆ.

ರೇಣು

*

ಲಿವೋನಿಯಾ
ಜುಲೈ 13, 2024

ರೇಣು,

ತಯಾರು ಮಾಡುವ ಕೆಲಸ ನನ್ನಿಂದ ಆಗುವುದಿಲ್ಲ. ನನ್ನ ತಮ್ಮ ಹೋಳಿಗೆ ಎರಡೇ ತಿಂದ ಎನ್ನುವುದನ್ನು ನಂಬುವ ನಿನಗೆ ಆರ್ಚಿಯನ್ನು ನಂಬಲು ಏನು ಕಷ್ಟ?

ಜೀನ್ ಜೊತೆ ಸಮಿತಿಯ ಸಭೆಗೆ ಹೋಗಿದ್ದೆ. ಟೋಪಿಯನ್ನು ಮೇಜಿನ ಮೇಲಿಟ್ಟಳು. ಅಧ್ಯಕ್ಷರು ಒಳ್ಳೆಯವರೇ. ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. "ಮೇಡಂ, ಟೋಪಿ ನಿಜ. ಆದ್ರೆ ತಲೆ ಯಾರದು ಅಂತ ಬೇಕಲ್ಲ" ಎಂದರು. ಯಾರೋ ಹಿಂದೆ ನಕ್ಕರು. ನನ್ನ ಮಷೀನಿಗೆ ಬೇರೇನೂ ಕೇಳದಿದ್ದರೂ ಅಂಥದ್ದು ಕೇಳುತ್ತದೆ. ತಿರುಗಿ ನೋಡಿದೆ, ನಗು ನಿಂತಿತು.

ಕಾರಿನಲ್ಲಿ ಜೀನ್ ಟೋಪಿಯನ್ನು ನನ್ನ ಮಡಿಲಿಗೆ ಹಾಕಿದಳು. "ತಗೊಂಡು ಹೋಗು, ಆ ಮಗೂಗೇ ಇರಲಿ. ನನ್ ಹತ್ರ ಇದ್ರೆ ದಿನಾ ಅಳಬೇಕಾಗುತ್ತೆ" ಎಂದಳು. ನನಗೆ ಅಳು ಬಂತು, ಸಿಟ್ಟೂ ಬಂತು. ತೆಗೆದುಕೊಳ್ಳುವುದಿಲ್ಲ ಎಂದೆ. ಅವಳ ಮನೆಗೆ ಹೋಗಿ ಟೀ ಮಾಡಿ ಕೊಟ್ಟೆ. ತಾತನ ಬಗ್ಗೆ ಆಟ ಬಿಟ್ಟು ಬೇರೆ ಏನಾದರೂ ಹೇಳು ಎಂದೆ.

ಅಮ್ಮ ಬೆಳಗ್ಗೆ ಕೆಲಸಕ್ಕೆ ಹೋಗುತ್ತಿದ್ದುದರಿಂದ ಶಾಲೆಗೆ ಜೀನ್‌ಗೆ ಜಡೆ ಹಾಕುತ್ತಿದ್ದವನು ತಾತನೇ ಅಂತೆ. ಗಣಿಯಲ್ಲಿ ಹುಡುಗನಾಗಿದ್ದಾಗಲೇ ಅವನ ಎಡಗೈ ಕಿರುಬೆರಳು ಮುರಿದು, ಕೊಕ್ಕೆಯ ಹಾಗೆ ಒಳಕ್ಕೆ ಬಾಗಿ ಹಾಗೇ ನಿಂತುಬಿಟ್ಟಿತ್ತು. ಆ ಕೊಕ್ಕೆಗೆ ಒಂದು ಎಳೆ ಸಿಕ್ಕಿಸಿಕೊಂಡು ಉಳಿದ ಬೆರಳುಗಳಲ್ಲಿ ಹೆಣೆಯುತ್ತಿದ್ದ. "ಅಷ್ಟು ಬಿಗಿಯಾದ ಜಡೆ ಶಾಲೇಲಿ ಬೇರೆ ಯಾರಿಗೂ ಇರ್ತಿರಲಿಲ್ಲ" ಎಂದಳು. ಹೇಳುತ್ತಾ ತನ್ನ ಬಿಳಿ ಕೂದಲನ್ನು ಮುಟ್ಟಿಕೊಂಡಳು. ಹೀಗೆ ಜಡೆ ಹಾಕಿದವನು ಸುಳ್ಳು ಹೇಳಿ ಟೋಪಿ ಇಟ್ಟುಕೊಳ್ಳುತ್ತಾನೆ ಎಂದು ನಾನು ನಂಬುವುದಿಲ್ಲ. ನಿಮಗೆ ಇಷ್ಟವಿದ್ದರೆ ನಂಬಿ.

ಆಗಸ್ಟ್ ಒಂದು ಹತ್ತಿರ ಬಂತು.

ಸರೋಜ

*

ಲೊಂಬಾರ್ಡ್
ಜುಲೈ 20, 2024, ಎಕ್ಸ್‌ಪ್ರೆಸ್ ಅಂಚೆ

ಅತ್ತಿಗೆ! ಅತ್ತಿಗೆ!

ಸಿಕ್ಕಿದ!

ನಿಮ್ಮ ಕಾಗದ ಓದಿ ನನಗೆ ನಾಚಿಕೆಯಾಯಿತು. ಅದನ್ನು ಹಿಡಿದುಕೊಂಡೇ ಡೌನರ್ಸ್ ಗ್ರೋವ್‌ಗೆ ಡ್ರೈವ್ ಮಾಡಿಕೊಂಡು ಹೋದೆ. ಫೋಟೋವನ್ನು ಡಂಕನ್ ಅವರ ಮುಂದಿಟ್ಟು, ಕಪ್ಪು ಸ್ವೆಟರಿನವನನ್ನು ನಾವು ಗೋಲ್‌ಕೀಪರ್ ಎಂದುಕೊಂಡಿದ್ದನ್ನು ಹೇಳಿದೆ. ಅವರು ನಕ್ಕ ರಭಸಕ್ಕೆ ಕೆಮ್ಮು ಬಂದು ತಾಹೇರಾ ನೀರು ತರಬೇಕಾಯಿತು. 1908ರಲ್ಲಿ ಗೋಲ್‌ಕೀಪರನಿಗೆ ಬೇರೆ ಅಂಗಿ ಎಲ್ಲಿತ್ತು, ಆ ನಿಯಮ ಬಂದದ್ದೇ ಮರುವರ್ಷ ಎಂದರು. ಅಂದರೆ ಅತ್ತಿಗೆ, ಒಂದೇ ಅಂಗಿ ತೊಟ್ಟು ಕೂತ ಆ ಹನ್ನೊಂದು ಜನರಲ್ಲೇ ಅವನಿದ್ದ. ನಾವು ಅವನ ಮುಖವನ್ನೇ ನೋಡುತ್ತಾ, ಅವನನ್ನು ಬಿಟ್ಟು ಟವೆಲ್ಲಿನವನ ಹಿಂದೆ ಹೋಗಿದ್ದೆವು.

ತಾಹೇರಾ ಭೂತಗನ್ನಡಿ ತಂದಳು. ಮುಖ ಬಿಟ್ಟು ಕೈಗಳನ್ನು ಮಾತ್ರ ನೋಡುತ್ತಾ ಹೋದೆವು. ನಡುವಿನ ಸಾಲಿನಲ್ಲಿ ಒಬ್ಬ ತೆಳ್ಳನೆಯ ಯುವಕ, ಕಿವಿ ಸ್ವಲ್ಪ ಮುಂದಕ್ಕೆ, ಎಡಗೈಯನ್ನು ಮಂಡಿಯ ಮೇಲೆ ಇಟ್ಟುಕೊಂಡಿದ್ದಾನೆ. ನಾಲ್ಕು ಬೆರಳು ನೆಟ್ಟಗೆ. ಕಿರುಬೆರಳು ಕೊಕ್ಕೆ! "ಇಲ್ಲೈತ್ರೀ ಜಡಿ ಹಾಕೋ ಬೆರಳು!" ಎಂದು ತಾಹೇರಾ ಕೂಗಿದ ಸದ್ದಿಗೆ ಇಡೀ ಹಾಲ್ ನಮ್ಮ ಕಡೆ ತಿರುಗಿತು.

ಅವನ ಹೆಸರಿನ ಜಾಗದಲ್ಲಿ ಎ. ಲೋಗನ್ ಎಂದಿದೆ. ಇವನೂ ರೀಡ್ ಅಲ್ಲ ಎಂದು ನಾನು ಭೂತಗನ್ನಡಿ ಕೆಳಗಿಟ್ಟೆ. ಡಂಕನ್ ಮಾತ್ರ ಬೆರಳು ಕುಣಿಸುತ್ತಾ, "ಪೂರ್ತಿ ಹೆಸರು ಕೇಳು, ಪೂರ್ತಿ ಹೆಸರು!" ಎಂದರು. ಹೇಗೆ ನಮ್ಮಲ್ಲಿ ಹೆಸರಿನ ಮುಂದೆ ಊರು, ಅಪ್ಪ ಎಲ್ಲ ಬರುತ್ತಾರೋ ಹಾಗೆ ಅವರಲ್ಲಿ ಅಮ್ಮನ ತವರುಮನೆಯ ಹೆಸರನ್ನು ಮಗನ ಹೆಸರಿನ ನಡುವೆ ಇಡುವ ಪದ್ಧತಿ ಇದೆಯಂತೆ. ನಂದನ್ ಕೂಡಲೇ ಸಂಗ್ರಹಾಲಯಕ್ಕೆ ಬರೆದ. ಇವತ್ತು ಬೆಳಗ್ಗೆ ಉತ್ತರ ಬಂತು. ಆರ್ಚಿಬಾಲ್ಡ್ ರೀಡ್ ಲೋಗನ್, ಗೋಲ್‌ಕೀಪರ್, ಗ್ಲೆನ್‌ಬಾರ್. ಕ್ಲಬ್ಬಿನ ಅನುಮತಿ ಇಲ್ಲದೆ 1913ರಲ್ಲಿ ಅಮೆರಿಕಕ್ಕೆ ಹೊರಟುಹೋದ, ಅದಕ್ಕಾಗಿ ಅವನನ್ನು ಆಟದಿಂದ ನಿಷೇಧಿಸಿದರು, ಆಮೇಲೆ ಏನಾದ ಎಂದು ನಮಗೆ ಗೊತ್ತಿಲ್ಲ ಎಂದು ಬರೆದಿದ್ದಾರೆ.

ಏನಾದ ಎಂದು ನಮಗೆ ಗೊತ್ತು! ಇಲ್ಲಿ ಆಡಲು ನಿಷೇಧ ಅಡ್ಡ ಬಂದೀತೆಂದು ಅಮ್ಮನ ತವರಿನ ಹೆಸರಿನೊಳಗೆ ಅಡಗಿ ಕೂತ. ಮನೆಯವರಿಗೂ ಹೇಳಲಿಲ್ಲ. ಬುರುಡೆ ಎಂದರೂ ಬಾಯಿ ಬಿಡಲಿಲ್ಲ.

ನಂದನ್ ಎಲ್ಲವನ್ನೂ ಸಮಿತಿಗೆ ಇಮೇಲ್ ಮಾಡಿದ್ದಾನೆ. ಕಾರ್ಖಾನೆಯ ತಂಡದ ಫೋಟೋದಲ್ಲೂ ಆ ಬೆರಳು ಕಾಣುತ್ತದೆಯೇ ಎಂದು ಜೀನ್‌ರ ಮನೆಯಲ್ಲಿ ನೋಡಿ. ಜೀನ್‌ಗೆ ನೀವೇ ಬಾಯಾರೆ ಹೇಳಿ. ಅವರ ತಾತನನ್ನು ಅನುಮಾನಿಸಿದ್ದಕ್ಕೆ ನನ್ನ ಪರವಾಗಿ ಕ್ಷಮೆ ಕೇಳಿ, ಅದೂ ಬಾಯಾರೆ.

ರೇಣು

*

ಲಿವೋನಿಯಾ
ಆಗಸ್ಟ್ 1, 2024

ರೇಣು,

ಕಾರ್ಖಾನೆಯ ಫೋಟೋದಲ್ಲಿ ಚೆಂಡು ಹಿಡಿದ ಕೈಯಲ್ಲಿ ಅದೇ ಕೊಕ್ಕೆ. ಸಮಿತಿ ಒಪ್ಪಿತು, ಎಲ್ಲರೂ ಕೈ ಎತ್ತಿದರು. ಅವತ್ತು ಹಿಂದೆ ಕೂತು ನಕ್ಕವನೂ ಎತ್ತಿದ, ನಾನು ತಿರುಗಿ ನೋಡಿ ಖಾತ್ರಿ ಮಾಡಿಕೊಂಡೆ.

ಬರೆಯಲು ಆಗುತ್ತಿಲ್ಲ, ಕನ್ನಡಕ ಒದ್ದೆಯಾಗಿದೆ.

ಸರೋಜ

*

ಲಿವೋನಿಯಾ
ಸೆಪ್ಟೆಂಬರ್ 30, 2024

ರೇಣು,

ನನ್ನ ತಮ್ಮನ ಕಣ್ಣಿನ ಆಪರೇಷನ್ನಿಗೂ ಇದೇ ವಾರ ಬೇಕಿತ್ತೇ? ನೀನು ಅಲ್ಲಿರಬೇಕಿತ್ತು. ನಂದನ್ ವಿಡಿಯೋ ತೋರಿಸಿರುತ್ತಾನೆ, ಆದರೆ ಅದರಲ್ಲಿ ಅರ್ಧ ಅವನ ಹೆಬ್ಬೆರಳೇ ಇದೆ. ಪೂರ್ತಿ ನನ್ನಿಂದ ಕೇಳು.

ಶನಿವಾರ ಬೆಳಗ್ಗೆ ಚಳಿ ಇತ್ತು, ಆದರೂ ಪಾರ್ಕಿನಲ್ಲಿ ಜನ ತುಂಬಿದ್ದರು. ಜೀನ್‌ಳ ಸಂಬಂಧಿಕರು ಓಹಾಯೋದಿಂದಲೂ ಬಂದಿದ್ದರು, ಬುರುಡೆ ಆರ್ಚಿ ಎಂದವರ ಮಕ್ಕಳು ಮೊಮ್ಮಕ್ಕಳು. ತಾಹೇರಾ ಆಶ್ರಮದ ವ್ಯಾನಿನಲ್ಲಿ ಡಂಕನ್ ಅವರನ್ನು ಕರೆದುಕೊಂಡು ಬಂದುಬಿಟ್ಟಿದ್ದಳು. ಅವರು ಗಾಲಿಕುರ್ಚಿಯಲ್ಲಿ ಟೈ ಕಟ್ಟಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು. ನಾನು ಮೈಸೂರು ರೇಷ್ಮೆ ಉಟ್ಟು, ಮೇಲೆ ದಪ್ಪ ಜಾಕೆಟ್ ಹಾಕಿದ್ದೆ. ಅರ್ಧ ಸೊಬಗು ಜಾಕೆಟ್ಟಿನೊಳಗೇ ಉಳಿಯಿತು.

ಅಧ್ಯಕ್ಷರು ಬಟ್ಟೆ ಸರಿಸಿದರು. ಗೋಡೆಯಲ್ಲಿ ಎಲ್ಲರ ಹೆಸರಿನ ನಡುವೆ ಅವನ ಹೆಸರು ಪೂರ್ತಿಯಾಗಿ ಇದೆ, ಆರ್ಚಿಬಾಲ್ಡ್ ರೀಡ್ ಲೋಗನ್, ಗೋಲ್‌ಕೀಪರ್. ಜೀನ್ ನಡೆಯುವ ಕೋಲು ನನಗೆ ಕೊಟ್ಟು, ತಾನೇ ಹೋಗಿ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಲೋಗನ್ ಎಂಬಲ್ಲಿ ಬೆರಳು ನಿಂತಿತು. ಆ ಹೆಸರನ್ನು ಅವಳ ಮನೆಯಲ್ಲಿ ಒಬ್ಬರೂ ಗಟ್ಟಿಯಾಗಿ ಹೇಳಿರಲಿಲ್ಲವಲ್ಲ. ಓಹಾಯೋದಿಂದ ಬಂದ ಒಬ್ಬ ಎತ್ತರದ ಮನುಷ್ಯ ಮೊದಲು ಚಪ್ಪಾಳೆ ತಟ್ಟಿದ. ಆಮೇಲೆ ಎಲ್ಲರೂ ತಟ್ಟಿದರು. ನನ್ನ ಮಷೀನು ಕಿರುಚತೊಡಗಿತು. ತೆಗೆದು ಜೇಬಿಗೆ ಹಾಕಿಕೊಂಡೆ. ಆ ಚಪ್ಪಾಳೆ ಬರಿಕಿವಿಗೂ ಕೇಳುತ್ತಿತ್ತು, ರೇಣು.

ಈಗ ಇಳಾಳ ವಿಷಯ. ಟೋಪಿಯನ್ನು ಪಾರ್ಕಿನ ಪಕ್ಕದ ಗ್ರಂಥಾಲಯದ ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕೆಂದು ಜೀನ್ ನಿರ್ಧರಿಸಿದ್ದಳು. ಅದಕ್ಕೆ ಮುಂಚೆ ಒಂದು ಕೆಲಸ ಬಾಕಿ ಇದೆ ಎಂದು ನನ್ನ ಕಡೆ ನೋಡಿದಳು. "ನಿಮ್ಮಲ್ಲಿ ಅತ್ತೆ ಇದನ್ನ ಇಡಬೇಕು ಅಂದಿದ್ದೆ ಅಲ್ವಾ? ಮೊದಲ ಸಲ ಅತ್ತೆ ಅಲ್ಲಿರಲಿಲ್ಲ. ಈಗ ಇಬ್ಬರಿದ್ದೀವಿ" ಎಂದಳು. ನಾನು ಕೋಲನ್ನು ಅವಳಿಗೆ ವಾಪಸ್ ಕೊಟ್ಟು ಅನಿಕಾಳನ್ನು ಕೂಗಿ ಕರೆದೆ.

ಅನಿಕಾ ಮಗುವನ್ನು ಹುಲ್ಲಿನ ಮೇಲೆ ಕಂಬಳಿ ಹಾಸಿ ಕೂರಿಸಿದಳು. ಜೀನ್ ಒಂದು ಅಂಚು, ನಾನೊಂದು ಅಂಚು ಹಿಡಿದು ಟೋಪಿಯನ್ನು ತಲೆಗೆ ಇಟ್ಟೆವು. ಈಗ ತಲೆ ಬೆಳೆದಿದೆಯಲ್ಲ, ಹುಬ್ಬಿನ ಮೇಲೆ ಸರಿಯಾಗಿ ಕೂತಿತು. ಅಳಲಿಲ್ಲ. ಕಿವಿಯಲ್ಲಿ ಹೆಸರು ಹೇಳಬೇಕು ಎಂದು ನಾನು ಜೀನ್‌ಗೆ ಹೇಳಿದೆ. ಅವಳು ಬಗ್ಗಿ ಏನೋ ಹೇಳಿದಳು. ನನಗೆ ಕೇಳಲಿಲ್ಲ. ಇಳಾ ಎಂದಳೋ, ತಾತನ ಹೆಸರು ಹೇಳಿದಳೋ, ಅವಳಿಗೂ ಮಗುವಿಗೂ ಮಾತ್ರ ಗೊತ್ತು.

ಅಷ್ಟರಲ್ಲಿ ಅಧ್ಯಕ್ಷರು ಹಳೆಯ ಕಾಲದ ಕಂದು ಚರ್ಮದ ಚೆಂಡೊಂದನ್ನು ತಂದರು. ಮಕ್ಕಳ ಆಟಕ್ಕೆ ಮೊದಲ ಒದೆತ ಒದೆಯಬೇಕಿತ್ತಂತೆ. ಅದು ಕೈ ಜಾರಿ ಉರುಳಿಕೊಂಡು ನೇರವಾಗಿ ಕಂಬಳಿಯ ಕಡೆಗೇ ಬಂತು. ನಿನ್ನ ಮೊಮ್ಮಗಳು ಎರಡೂ ಕೈ ಚಾಚಿ, ಅದನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು. ಗೊಂಡೆ ಮೂಗಿನ ಮೇಲೆ ತೂಗುತ್ತಿತ್ತು. ಅಧ್ಯಕ್ಷರು ಬಗ್ಗಿ ಕೇಳಿದರು, ಕೊಡಲಿಲ್ಲ. ನಂದನ್ ಕೇಳಿದ, ಕೊಡಲಿಲ್ಲ. ಅನಿಕಾ ಬಿಸ್ಕತ್ತು ತೋರಿಸಿದಳು, ಅದನ್ನೂ ನೋಡಲಿಲ್ಲ. ಡಂಕನ್ ಕುರ್ಚಿಯಿಂದ ಅರ್ಧ ಎದ್ದು "ಕೀಪರ್!" ಎಂದು ಕೂಗಿದರು. ಸಂಬಂಧಿಕರು ಕೂಗಿದರು, ಪಾರ್ಕೇ ಕೂಗಿತು.

ಎಲ್ಲರೂ ಕೇಳುತ್ತಿದ್ದರು, ಕೊಡು ಪುಟ್ಟಿ, ಕೊಡು ಎಂದು. ಜೀನ್ ಮಾತ್ರ ಅವಳ ಪಕ್ಕದಲ್ಲಿ ಹುಲ್ಲಿನ ಮೇಲೇ ಕೂತುಬಿಟ್ಟು, ಅವಳ ಕೈಗಳ ಮೇಲೆ ತನ್ನ ಕೈ ಇಟ್ಟು ಹೇಳಿದಳು:

"ಬಿಡಬೇಡ ಮಗಳೇ. ಯಾರ್ ಏನೇ ಅಂದ್ರೂ ಬಿಡಬೇಡ."

ಸರೋಜ